ಎಲ್ಲರನ್ನೂ ಸೆಕ್ರೆಟರಿ ಮನೆಗೆ ಕಳಿಸುವ ವಾಚ್‌ಮನ್: ಸ್ಥಿರ ಪುಟಗಳೂ ಏಕಪುಟ ಆ್ಯಪೂ ಒಂದೇ ತಾಣದಲ್ಲಿ

ಪ್ರಶ್ನೆ: ಪುಣೆಯ ಚಿಂಚವಾಡದಲ್ಲಿ ನಮ್ಮದೊಂದು ಸಣ್ಣ ಕನ್ನಡ ಬಳಗವಿದೆ. ಸದಸ್ಯತ್ವ, ವಂತಿಗೆ, ಕಾರ್ಯಕ್ರಮದ ಪಾಸು ಇವಕ್ಕೆಲ್ಲ ಬಳಗದ ಹುಡುಗನೊಬ್ಬ ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಬಳಸಿ ಏಕಪುಟ ಆ್ಯಪ್ (ಒಂದೇ ಎಚ್‌ಟಿಎಂಎಲ್ ಪುಟದೊಳಗೆ ಜಾವಾಸ್ಕ್ರಿಪ್ಟೇ ಎಲ್ಲ ಪರದೆಗಳನ್ನೂ ತೋರಿಸುವಂಥದ್ದು) ಮಾಡಿಕೊಟ್ಟು ಜರ್ಮನಿಗೆ ಹೋದ. ಬಾಡಿಗೆ ಸರ್ವರು, ಅದರಲ್ಲಿ ಪುಟಗಳನ್ನು ಕೊಡುವ ಎಂಜಿನ್‌ಎಕ್ಸ್ ಎಂಬ ತಂತ್ರಾಂಶ, ಆ್ಯಪನ್ನು ಕಟ್ಟುವುದಕ್ಕೆ ವೀಟ್ ಎಂಬ ಸಾಧನ. ಈಗ ನಮ್ಮ ಹಳೆಯ ಸ್ಥಿರ ಎಚ್‌ಟಿಎಂಎಲ್ ಪುಟಗಳನ್ನು (ಫೈಲಿನಲ್ಲಿ ಬರೆದದ್ದು ಹಾಗೆಯೇ ಕಾಣುವಂಥವು), ಅಂದರೆ ಬಳಗದ ಪರಿಚಯ, ನಿಯಮಾವಳಿ, ಸ್ಮರಣ ಸಂಚಿಕೆಗಳು, ಅದೇ ತಾಣಕ್ಕೆ ಸೇರಿಸಿದ್ದೇನೆ. ಅಲ್ಲಿಂದ ಶುರುವಾಯಿತು ಪೀಕಲಾಟ. ಪರಿಚಯದ ಪುಟ ಕೊನೆಗೆ ಎಚ್‌ಟಿಎಂಎಲ್ ಎಂದು ಸೇರಿಸಿ ಬರೆದರೆ ಮಾತ್ರ ತೆರೆಯುತ್ತದೆ, ಇಲ್ಲದಿದ್ದರೆ ಆ್ಯಪ್ ಬಂದು ‘ಪುಟ ಸಿಗಲಿಲ್ಲ’ ಎನ್ನುತ್ತದೆ. ಆ್ಯಪಿನೊಳಗಿಂದ ಕೊಂಡಿ ಒತ್ತಿದರೆ ಪುಟ ಕಾಣುವುದಿಲ್ಲ, ರಿಫ್ರೆಶ್ ಮಾಡಿದರೆ ಕಾಣುತ್ತದೆ. ನನ್ನ ಮೊಬೈಲಿನಲ್ಲಿ ರಿಫ್ರೆಶ್ ಮಾಡಿದರೂ ಇಲ್ಲ, ಖಜಾಂಚಿಯವರ ಹೊಸ ಮೊಬೈಲಿನಲ್ಲಿ ಎಲ್ಲ ಸರಿ. ಆ್ಯಪಿನ ಹೊಸ ಆವೃತ್ತಿ ಏರಿಸಿದ ದಿನ ಕೆಲವರಿಗೆ ಬರೀ ಬಿಳಿ ಪರದೆ. ವಾಟ್ಸ್ಆ್ಯಪ್‌ನಲ್ಲಿ ಯಾವ ಕಾರ್ಯಕ್ರಮದ ಕೊಂಡಿ ಹಂಚಿದರೂ ಒಂದೇ ಶೀರ್ಷಿಕೆ. ನಾನು ಹಿಂಜವಡಿಯಲ್ಲಿ ಜಾವಾ ಕೆಲಸ ಮಾಡುವವನು, ವೆಬ್ ಸರ್ವರು ನನಗೆ ಹೊಸದು. ಎಂಜಿನ್‌ಎಕ್ಸ್ ಬಿಟ್ಟು ಬೇರೆಯದಕ್ಕೆ ಹೋಗಬೇಕೇ?

ಉತ್ತರ: ಬೇಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ. ನೀವು ಬರೆದಿರುವುದು ಐದು ಬೇರೆ ಬೇರೆ ಕಾಯಿಲೆಗಳು. ಅವುಗಳಲ್ಲಿ ಎಂಜಿನ್‌ಎಕ್ಸ್ ಪಾಲಿಗೆ ಬರುವುದು ಒಂದೂವರೆ. ಉಳಿದವು ನಿಮ್ಮ ಮೊಬೈಲಿನಲ್ಲಿ, ಆ್ಯಪಿನಲ್ಲಿ, ಏರಿಸುವ ಕ್ರಮದಲ್ಲಿ ಇವೆ. ಅವನ್ನು ಬಿಡಿಸಿ ನೋಡಿದರೆ ಪ್ರತಿಯೊಂದೂ ಅರ್ಧ ಗಂಟೆಯ ಕೆಲಸ. ಓದಲು ಸುಲಭವಾಗಲೆಂದು ಕೆಳಗೆ ವಿಳಾಸಗಳನ್ನು ಕನ್ನಡದಲ್ಲೇ ಬರೆಯುತ್ತೇನೆ. ನಿಮ್ಮ ಸರ್ವರಿನಲ್ಲಿ ಅವು ಇಂಗ್ಲಿಷ್ ಅಕ್ಷರಗಳಲ್ಲೇ ಇರಲಿ. ಕನ್ನಡದ ಒಂದೊಂದು ಸಂಕೇತವೂ ಯುಟಿಎಫ್-8ರಲ್ಲಿ ಮೂರು ಬೈಟ್ ಹಿಡಿಯುತ್ತದೆ. ವಿಳಾಸದಲ್ಲಿ ಅದು ಶೇಕಡಾ ಚಿಹ್ನೆ ಸೇರಿ ಒಂಬತ್ತು ಅಕ್ಷರವಾಗಿ ಹಿಗ್ಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಅಂಥ ಕೊಂಡಿ ಹಂಚಿದರೆ ಅರ್ಧ ಪರದೆ ತುಂಬುತ್ತದೆ.

ನಾನಿರುವ ಡೊಂಬಿವಲಿಯ ಸೊಸೈಟಿಯಲ್ಲಿ ಹಿಂದೆ ಒಬ್ಬ ವಾಚ್‌ಮನ್ ಇದ್ದ. ಗೇಟಿಗೆ ಬಂದವರು ಹೇಳಿದ ಹೆಸರು ಬೋರ್ಡಿನ ಮೇಲಿದ್ದರೆ ಆ ಫ್ಲ್ಯಾಟಿಗೆ ಕಳಿಸುತ್ತಿದ್ದ. ಇಲ್ಲದಿದ್ದರೆ, ಯಾರೇ ಆಗಲಿ, ಸೆಕ್ರೆಟರಿ ಮನೆಗೆ. ಸೆಕ್ರೆಟರಿಯವರ ಹೆಂಡತಿ ಬಂದವರನ್ನು ಕೂರಿಸಿ ನೀರು ಕೊಟ್ಟು ‘ಅಂಥವರು ಇಲ್ಲಿ ಯಾರೂ ಇಲ್ಲ’ ಎನ್ನುತ್ತಿದ್ದರು. ವಾಚ್‌ಮನ್ ಮಾತ್ರ ತನ್ನ ದಪ್ಪ ಪುಸ್ತಕದಲ್ಲಿ ‘ಭೇಟಿ ಆಯಿತು’ ಎಂದು ಬರೆದುಕೊಳ್ಳುತ್ತಿದ್ದ. ಏಕಪುಟ ಆ್ಯಪ್‌ಗಳಿಗೆ ಎಲ್ಲರೂ ಹಾಕುವ ಎಂಜಿನ್‌ಎಕ್ಸ್ ಸಾಲು ಇದೇ ವಾಚ್‌ಮನ್. ಟ್ರೈ ಫೈಲ್ಸ್ ಎಂಬ ಆ ಆದೇಶ ಮೊದಲು ಕೇಳಿದ ಹೆಸರಿನ ಫೈಲು ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಇಂಡೆಕ್ಸ್ ಪುಟವನ್ನು, ಅಂದರೆ ಆ್ಯಪಿನ ಆ ಒಂದೇ ಪುಟವನ್ನು, ಕೊಟ್ಟು, ಜೊತೆಗೆ 200 ಎಂಬ ಸಂಖ್ಯೆ ಒತ್ತುತ್ತದೆ. ‘ಸಿಕ್ಕಿತು, ತೆಗೆದುಕೋ’ ಎಂದು ಅದರ ಅರ್ಥ. ಒಳಗೆ ಆ್ಯಪ್ ಎದ್ದು ನಿಂತು ‘ಪುಟ ಸಿಗಲಿಲ್ಲ’ ಎಂದು ಬರೆಯುತ್ತದೆ. ಹೊರಗಿನ ಲೆಕ್ಕದಲ್ಲಿ ಭೇಟಿ ಆಗಿದೆ. ಗೂಗಲ್ ಇಂಥದನ್ನು ಸಾಫ್ಟ್ 404 (404 ಎಂದರೆ ‘ಕೇಳಿದ್ದು ಇಲ್ಲ’ ಎಂಬ ಉತ್ತರ) ಎಂದು ಕರೆದು ಪಟ್ಟಿಯಿಂದ ಹೊರಗಿಡುತ್ತದೆ.

ಈ ಸಾಲು ಯಾಕೆ ಬೇಕಾಯಿತು ಎಂಬುದನ್ನು ತಿಳಿದರೆ ಅದನ್ನು ಎಲ್ಲಿ ಕತ್ತರಿಸಬಹುದು ಎಂಬುದೂ ತಿಳಿಯುತ್ತದೆ. ಮೊದಮೊದಲ ಏಕಪುಟ ಆ್ಯಪ್‌ಗಳ ವಿಳಾಸದಲ್ಲಿ ಹ್ಯಾಷ್ ಚಿಹ್ನೆ ಇರುತ್ತಿತ್ತು. ಹ್ಯಾಷ್‌ನ ನಂತರದ ಭಾಗವನ್ನು ಬ್ರೌಸರು ಸರ್ವರಿಗೆ ಕಳಿಸುವುದೇ ಇಲ್ಲ. ಹಾಗಾಗಿ ಸರ್ವರಿಗೆ ಕಾಣುತ್ತಿದ್ದುದು ಒಂದೇ ಪುಟ, ಗೊಂದಲವೇ ಇರಲಿಲ್ಲ. ಆದರೆ ಹುಡುಕು ತಾಣಗಳಿಗೆ ಅದು ಒಗ್ಗಲಿಲ್ಲ. ಗೂಗಲ್ 2009ರಲ್ಲಿ ಹ್ಯಾಷ್‌ನ ಪಕ್ಕ ಆಶ್ಚರ್ಯಸೂಚಕ ಚಿಹ್ನೆ ಇಡುವ ಒಂದು ಉಪಾಯ ಸೂಚಿಸಿತು, 2015ರಲ್ಲಿ ಅದನ್ನು ಕೈಬಿಟ್ಟಿತು. ಅಷ್ಟರಲ್ಲಿ ಬ್ರೌಸರುಗಳಿಗೆ ಹಿಸ್ಟರಿ ಎಪಿಐ ಬಂದಿತ್ತು. ಪುಟ ಮರುಲೋಡ್ ಆಗದೆಯೇ ವಿಳಾಸಪಟ್ಟಿಯಲ್ಲಿ ಬೇಕಾದ ಹಾದಿಯನ್ನು ಬರೆಯುವ ಸ್ವಾತಂತ್ರ್ಯ ಆ್ಯಪ್‌ಗೆ ಸಿಕ್ಕಿತು. ಹ್ಯಾಷ್ ಹೋಯಿತು, ವಿಳಾಸ ಚೆಂದವಾಯಿತು. ಆದರೆ ಆ ಚೆಂದದ ವಿಳಾಸವನ್ನು ಯಾರಾದರೂ ನೇರವಾಗಿ ಬರೆದರೆ ಸರ್ವರಿನಲ್ಲಿ ಅಂಥ ಫೈಲೇ ಇಲ್ಲ. ಅದಕ್ಕೆಂದೇ ‘ಇಲ್ಲದ್ದೆಲ್ಲ ಇಂಡೆಕ್ಸ್‌ಗೆ’ ಎಂಬ ಸಾಲು. ಅದು ಆ್ಯಪಿನ ವಿಳಾಸಗಳಿಗೆ ಮಾತ್ರ ಬೇಕಾದದ್ದು. ಎಲ್ಲರೂ ಅದನ್ನು ಇಡೀ ತಾಣಕ್ಕೆ ಹೊದಿಸಿಬಿಡುತ್ತಾರೆ.

ಈಗ ರೋಗಪತ್ತೆ. ಒಂದು ವಿಳಾಸ ಬರೆದು ಎಂಟರ್ ಒತ್ತಿದಾಗ ಅದು ಕ್ರಮವಾಗಿ ಮೂವರ ಕೈ ದಾಟುತ್ತದೆ. ಮೊದಲು ಬ್ರೌಸರಿನಲ್ಲೇ ಕುಳಿತು ಕೋರಿಕೆಗಳನ್ನು ತಡೆಯಬಲ್ಲ ಸರ್ವಿಸ್ ವರ್ಕರ್, ಅಂಥದ್ದು ಇದ್ದರೆ. ಆಮೇಲೆ ಸರ್ವರು. ಕೊನೆಗೆ, ಬಂದದ್ದು ಆ್ಯಪಿನ ಪುಟವಾದರೆ, ವಿಳಾಸ ನೋಡಿ ಯಾವ ಪರದೆ ತೋರಿಸಬೇಕೆಂದು ನಿರ್ಧರಿಸುವ, ಆ್ಯಪಿನೊಳಗಿನ ರೂಟರ್ (ಮನೆಯ ವೈಫೈ ಡಬ್ಬಿಯಲ್ಲ, ಹೆಸರು ಒಂದೇ). ಆ್ಯಪಿನೊಳಗಿನ ಕೊಂಡಿ ಒತ್ತಿದಾಗ ಕ್ರಮ ತಿರುವುಮುರುವು: ರೂಟರೇ ಮೊದಲು ಹಿಡಿಯುತ್ತದೆ, ಸರ್ವರಿನವರೆಗೆ ಮಾತು ಹೋಗುವುದೇ ಇಲ್ಲ. ತಪ್ಪು ಯಾರದೆಂದು ತಿಳಿಯಲು ಒಬ್ಬೊಬ್ಬರನ್ನೇ ಬದಿಗೆ ಸರಿಸಬೇಕು. ಬ್ರೌಸರಿಲ್ಲದೆ ಟರ್ಮಿನಲ್ಲಿನಿಂದ ವಿಳಾಸವೊಂದನ್ನು ಕೇಳುವ ಕರ್ಲ್ ಎಂಬ ಆದೇಶಕ್ಕೆ ಸರ್ವಿಸ್ ವರ್ಕರೂ ಗೊತ್ತಿಲ್ಲ, ಜಾವಾಸ್ಕ್ರಿಪ್ಟೂ ಗೊತ್ತಿಲ್ಲ. ಅದಕ್ಕೆ ಕಾಣುವುದು ಸರ್ವರು ಹೇಳಿದ್ದಷ್ಟೇ. ಕರ್ಲ್‌ಗೆ ಪರಿಚಯದ ಪುಟ ಸರಿಯಾಗಿ ಬಂದು, ಬ್ರೌಸರಿನ ಖಾಸಗಿ ಕಿಟಕಿಯಲ್ಲೂ ಬಂದು, ಮಾಮೂಲಿ ಕಿಟಕಿಯಲ್ಲಿ ಮಾತ್ರ ಬರದಿದ್ದರೆ ಅಪರಾಧಿ ಸರ್ವಿಸ್ ವರ್ಕರ್. ಕರ್ಲ್‌ಗೇ ಆ್ಯಪಿನ ಪುಟ ಬಂದರೆ ಸರ್ವರು. ವಿಳಾಸ ಬರೆದರೆ ಸರಿ, ಕೊಂಡಿ ಒತ್ತಿದರೆ ತಪ್ಪು ಎಂದಾದರೆ ರೂಟರ್. ಈ ಮೂರು ಪರೀಕ್ಷೆ ಮಾಡದೆ ಕಾನ್ಫಿಗ್ ಫೈಲಿಗೆ ಕೈಹಾಕುವವರನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಕೆಲವೊಮ್ಮೆ ಕನ್ನಡಿಯಲ್ಲೇ ನೋಡಿದ್ದೇನೆ.

ಮೊದಲ ದೂರು ಸರ್ವರಿನದು. ನಿಮ್ಮ ಫೈಲಿನ ಹೆಸರಿನಲ್ಲಿ ಕೊನೆಗೆ ಎಚ್‌ಟಿಎಂಎಲ್ ಇದೆ, ಬಂದ ವಿಳಾಸದಲ್ಲಿ ಇಲ್ಲ. ಎಂಜಿನ್‌ಎಕ್ಸ್ ತಾನಾಗಿ ಊಹಿಸುವ ಜಾಯಮಾನದ್ದಲ್ಲ. ಆ ಹೆಸರಿನ ಫೈಲಿಲ್ಲ ಎಂದು ಸೆಕ್ರೆಟರಿ ಮನೆಗೆ ಕಳಿಸಿತು. ಟ್ರೈ ಫೈಲ್ಸ್ ಸಾಲಿನಲ್ಲಿ ಕೇಳಿದ ಹೆಸರು, ಅದರ ಬೆನ್ನಿಗೆ ಅದೇ ಹೆಸರಿಗೆ ಎಚ್‌ಟಿಎಂಎಲ್ ಸೇರಿಸಿದ್ದು, ಅದರ ಬೆನ್ನಿಗೆ ಆ ಹೆಸರಿನ ಫೋಲ್ಡರು, ಇಷ್ಟನ್ನು ಇದೇ ಕ್ರಮದಲ್ಲಿ ಬರೆದರೆ ಪರಿಚಯದ ಪುಟವೂ ತೆರೆಯುತ್ತದೆ, ಸ್ಮರಣ ಸಂಚಿಕೆಗಳ ಫೋಲ್ಡರೂ ತೆರೆಯುತ್ತದೆ. ಇಂದು ರಾತ್ರಿಯೇ ಬೇಕೆಂದರೆ ಇಷ್ಟು ಸಾಕು.

ಆದರೆ ನನ್ನ ಸಲಹೆ ಬೇರೆ. ತಾಣದ ಬೇರನ್ನು ಆ್ಯಪಿಗೆ ಬಿಟ್ಟುಕೊಡಬೇಡಿ. ಆ್ಯಪಿಗೆ /ಸದಸ್ಯ/ ಎಂದು ಒಂದು ವಿಂಗ್ ಮಾಡಿಕೊಡಿ, ಉಳಿದ ಕಟ್ಟಡವೆಲ್ಲ ಸ್ಥಿರ ಪುಟಗಳದಾಗಿರಲಿ. ‘ಇಲ್ಲದ್ದೆಲ್ಲ ಇಂಡೆಕ್ಸ್‌ಗೆ’ ಎಂಬ ಸಾಲು /ಸದಸ್ಯ/ ಹಾದಿಯೊಳಗೆ ಮಾತ್ರ ಇರಲಿ. ಹೊರಗೆ ಸಾಲಿನ ಕೊನೆಯಲ್ಲಿ ಸಮ ಚಿಹ್ನೆ ಹಾಕಿ 404 ಎಂದು ಬರೆಯಿರಿ. ಇಲ್ಲದ್ದು ಇಲ್ಲ ಎಂದು ಸರ್ವರೇ ಹೇಳಲಿ, ಅದಕ್ಕೊಂದು ಸ್ಥಿರ ಪುಟವನ್ನೂ ಕನ್ನಡದಲ್ಲಿ ಬರೆದಿಡಿ. ಇದಕ್ಕೆ ವೀಟ್ ಕಾನ್ಫಿಗ್‌ನಲ್ಲಿ ಬೇಸ್ ಎಂಬುದನ್ನು /ಸದಸ್ಯ/ ಎಂದು ಬದಲಿಸಬೇಕು, ರಿಯಾಕ್ಟ್ ರೂಟರಿನಲ್ಲಿ ಬೇಸ್‌ನೇಮ್ ಕೊಡಬೇಕು. ಎರಡೂ ಒಂದೊಂದು ಸಾಲು. ಮೊದಲನೆಯದನ್ನು ಮರೆತರೆ ಜಾವಾಸ್ಕ್ರಿಪ್ಟ್ ಸಿಗುವುದಿಲ್ಲ, ಎರಡನೆಯದನ್ನು ಮರೆತರೆ ಆ್ಯಪ್ ತನ್ನ ಮನೆಯಲ್ಲೇ ದಾರಿ ತಪ್ಪುತ್ತದೆ. ಸದಸ್ಯರು ಉಳಿಸಿಟ್ಟುಕೊಂಡಿರುವ ಹಳೆಯ ವಿಳಾಸಗಳಿಂದ ಹೊಸದಕ್ಕೆ ದಾರಿ ತಿರುಗಿಸುವಾಗ ಮೊದಲ ಒಂದೆರಡು ವಾರ 302 (ತಾತ್ಕಾಲಿಕ ತಿರುವು) ಬಳಸಿ, ಎಲ್ಲ ಸರಿ ಎನಿಸಿದ ಮೇಲೆ 301 (ಕಾಯಂ ತಿರುವು). ಈ 301ನ್ನು ಬ್ರೌಸರುಗಳು ಗಟ್ಟಿಯಾಗಿ ನೆನಪಿಟ್ಟುಕೊಳ್ಳುತ್ತವೆ. ತಪ್ಪಾದ 301 ಕೊಟ್ಟು ಆಮೇಲೆ ತಿದ್ದಿದರೆ ನೀವು ತಿದ್ದಿದ್ದು ಅವುಗಳಿಗೆ ಗೊತ್ತೇ ಆಗುವುದಿಲ್ಲ.

ಫೋಲ್ಡರಿನ ವಿಷಯದಲ್ಲಿ ಎರಡು ಗುಂಡಿಗಳಿವೆ. /ಸಂಚಿಕೆ ಎಂದು ಕೊನೆಯ ಗೆರೆಯಿಲ್ಲದೆ ಕೇಳಿದರೆ ಎಂಜಿನ್‌ಎಕ್ಸ್ 301 ಕೊಟ್ಟು /ಸಂಚಿಕೆ/ ಎಂಬಲ್ಲಿಗೆ ತಿರುಗಿಸುತ್ತದೆ. ಅದು ಒಳ್ಳೆಯದೇ, ಆ ಗೆರೆ ಇಲ್ಲದಿದ್ದರೆ ಪುಟದೊಳಗಿನ ಚಿತ್ರಗಳ ಸಾಪೇಕ್ಷ ಕೊಂಡಿಗಳೆಲ್ಲ ಒಂದು ಮೆಟ್ಟಿಲು ಮೇಲಕ್ಕೆ ಹೋಗಿ ಹುಡುಕುತ್ತವೆ. ಆದರೆ ನಿಮ್ಮ ಎಂಜಿನ್‌ಎಕ್ಸ್ ಮತ್ತೊಂದರ ಹಿಂದೆ 8080ರಂಥ ಒಳಗಿನ ಪೋರ್ಟಿನಲ್ಲಿ ಕುಳಿತಿದ್ದರೆ, ತಿರುಗಿಸುವ ವಿಳಾಸದಲ್ಲಿ ಆ ಪೋರ್ಟನ್ನೂ ಸೇರಿಸಿಬಿಡುತ್ತದೆ, ಓದುಗನ ಬ್ರೌಸರು ಮುಚ್ಚಿದ ಬಾಗಿಲು ತಟ್ಟುತ್ತಾ ನಿಲ್ಲುತ್ತದೆ. ಅಬ್ಸಲ್ಯೂಟ್ ರಿಡೈರೆಕ್ಟ್ ಎಂಬುದನ್ನು ಆಫ್ ಮಾಡಿದರೆ ಇದು ನಿಲ್ಲುತ್ತದೆ. ಇನ್ನೊಂದು, ಡಿಸ್ಕಿನ ಫೋಲ್ಡರಿಗೂ ವಿಳಾಸಕ್ಕೂ ಬೇರೆ ಹೆಸರಿಟ್ಟು ಅಲಿಯಾಸ್ ಆದೇಶದಿಂದ ಗಂಟು ಹಾಕುವುದು. ಅಲಿಯಾಸ್ ಮತ್ತು ಟ್ರೈ ಫೈಲ್ಸ್ ಒಂದೇ ಕೋಣೆಯಲ್ಲಿ ಹೊಂದಿಕೊಳ್ಳುವುದಿಲ್ಲ. ಫೋಲ್ಡರಿಗೆ ವಿಳಾಸದ ಹೆಸರನ್ನೇ ಇಟ್ಟು ರೂಟ್ ಆದೇಶ ಬಳಸಿ.

ಜಾಲದಲ್ಲಿ ಸಿಗುವ ಮಾದರಿ ಕಾನ್ಫಿಗ್‌ಗಳನ್ನು ನಕಲು ಮಾಡುವಾಗಲೂ ಎಚ್ಚರ. ಎಂಜಿನ್‌ಎಕ್ಸ್‌ನಲ್ಲಿ ಸಾದಾ ಹಾದಿಗಳಲ್ಲಿ ಅತಿ ಉದ್ದದ್ದು ಗೆಲ್ಲುತ್ತದೆ, ಫೈಲಿನಲ್ಲಿ ಮೇಲೆ ಬರೆದದ್ದೋ ಕೆಳಗೆ ಬರೆದದ್ದೋ ಮುಖ್ಯವಲ್ಲ. ಆದರೆ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ, ಅಂದರೆ ಅಕ್ಷರಗಳ ಮಾದರಿಯಾಗಿ, ಬರೆದ ಹಾದಿಯೊಂದು ಹೊಂದಿದರೆ ಅದು ಆ ಉದ್ದದ್ದನ್ನೂ ಮೆಟ್ಟಿ ಮುಂದೆ ಬರುತ್ತದೆ. ‘ಜೆಎಸ್, ಸಿಎಸ್‌ಎಸ್, ಚಿತ್ರ ಎಲ್ಲಕ್ಕೂ ಹೀಗೆ’ ಎಂಬ ಒಂದು ಮಾದರಿ ಸಾಲು ಎಲ್ಲೆಡೆ ಓಡಾಡುತ್ತಿದೆ. ಅದು ನೀವು ಕಷ್ಟಪಟ್ಟು ಬರೆದ /ಸದಸ್ಯ/ ನಿಯಮವನ್ನು ಸದ್ದಿಲ್ಲದೆ ಬದಿಗೆ ಸರಿಸಿರುತ್ತದೆ.

ಎರಡನೆಯ ದೂರಿಗೆ ಮದ್ದು ಸಣ್ಣದು. ಆ್ಯಪಿನ ಅಡಿಯಲ್ಲಿರುವ ‘ನಿಯಮಾವಳಿ’ ಕೊಂಡಿಯನ್ನು ನಿಮ್ಮ ಹುಡುಗ ರಿಯಾಕ್ಟ್ ರೂಟರಿನ ಲಿಂಕ್ ಎಂಬ ಘಟಕದಿಂದ ಮಾಡಿದ್ದಾನೆ. ಅದು ಒತ್ತನ್ನು ತಾನೇ ನುಂಗಿ, ವಿಳಾಸಪಟ್ಟಿಯನ್ನು ಬದಲಿಸಿ, ತನ್ನ ಪಟ್ಟಿಯಲ್ಲಿ ಹುಡುಕಿ, ಸಿಗದೆ ಕೈಚೆಲ್ಲುತ್ತದೆ. ಸ್ಥಿರ ಪುಟಗಳಿಗೆ ಹೋಗುವ ಕೊಂಡಿಗಳೆಲ್ಲ ಎಚ್‌ಟಿಎಂಎಲ್‌ನ ಹಳೆಯ ಸಾದಾ ಕೊಂಡಿಗಳಾಗಿರಲಿ, ಅಷ್ಟೇ. ಆದರೆ ಹಾಗೆ ಹೊರಗೆ ಹೋದರೆ ಆ್ಯಪಿನ ನೆನಪಿನಲ್ಲಿದ್ದದ್ದೆಲ್ಲ ಅಳಿಯುತ್ತದೆ. ಹತ್ತು ಕಲಮಿನ ಸದಸ್ಯತ್ವ ಅರ್ಜಿಯನ್ನು ಅರ್ಧ ತುಂಬಿದ ಹಿರಿಯರೊಬ್ಬರು ನಿಯಮಾವಳಿ ಓದಿ ಹಿಂದಕ್ಕೆ ಬಂದರೆ ಅರ್ಜಿ ಖಾಲಿ. ಅರ್ಜಿಯ ಪುಟದಲ್ಲಿರುವ ಆ ಒಂದು ಕೊಂಡಿ ಹೊಸ ಟ್ಯಾಬಿನಲ್ಲಿ ತೆರೆಯುವಂತೆ ಮಾಡಿ.

ಮೂರನೆಯದು, ನಿಮ್ಮ ಮೊಬೈಲಿನಲ್ಲಿ ಮಾತ್ರ ತಪ್ಪು ಎಂಬುದು, ಈ ಐದರಲ್ಲಿ ನಿಜವಾಗಿ ಕಾಡುವಂಥದ್ದು. ಇಲ್ಲಿ ಸ್ವಲ್ಪ ನಿಲ್ಲೋಣ. ಆ್ಯಪ್ ಆಫ್‌ಲೈನಿನಲ್ಲೂ ತೆರೆಯಲಿ ಎಂದು ನಿಮ್ಮ ಹುಡುಗ ವೀಟ್‌ನ ಪಿಡಬ್ಲ್ಯುಎ ಪ್ಲಗಿನ್ ಹಾಕಿರಬೇಕು. ಅದು ಸರ್ವಿಸ್ ವರ್ಕರ್ ಎಂಬ ಜಾವಾಸ್ಕ್ರಿಪ್ಟ್ ತುಂಡನ್ನು ಪ್ರತಿ ಬ್ರೌಸರಿನಲ್ಲಿ ನೆಲೆಗೊಳಿಸುತ್ತದೆ. ಆ ತಾಣದ ಯಾವುದೇ ಪುಟಕ್ಕೆ ಹೋಗುವ ಕೋರಿಕೆಯನ್ನು ಅದು ದಾರಿಯಲ್ಲೇ ತಡೆದು, ತಾನು ಮುಂಚೆ ಇಟ್ಟುಕೊಂಡಿರುವ ಇಂಡೆಕ್ಸ್ ಪುಟವನ್ನು ಕೊಡುತ್ತದೆ. ವಾಚ್‌ಮನ್‌ನ ಇನ್ನೊಬ್ಬ ಅಣ್ಣ ಎನ್ನಿ, ಅವನು ನಿಮ್ಮ ಮನೆಯ ಬಾಗಿಲಲ್ಲೇ ಕುಳಿತಿದ್ದಾನೆ. ಸರ್ವರಿನಲ್ಲಿ ನೀವು ಏನು ಬದಲಿಸಿದರೂ ಅವನಿಗೆ ಕೇಳಿಸುವುದಿಲ್ಲ, ಏಕೆಂದರೆ ಕೋರಿಕೆ ಸರ್ವರಿನವರೆಗೆ ಹೋಗುವುದೇ ಇಲ್ಲ. ಖಜಾಂಚಿಯವರು ಹೊಸ ಮೊಬೈಲಿನಿಂದ ನೇರವಾಗಿ ಸ್ಥಿರ ಪುಟಕ್ಕೆ ಹೋದರು, ಅಲ್ಲಿ ಆ ಅಣ್ಣ ಇನ್ನೂ ಬಂದಿರಲಿಲ್ಲ.

ಠಾಣೆಯ ಒಂದು ಕಚೇರಿಯಲ್ಲಿದ್ದಾಗ ಇದೇ ಬಲೆಗೆ ನಾನೇ ಬಿದ್ದಿದ್ದೆ. ಗೌಪ್ಯತಾ ನೀತಿಯ ಸ್ಥಿರ ಪುಟ ಕೆಲವು ಗ್ರಾಹಕರಿಗೆ ಕಾಣುತ್ತಿರಲಿಲ್ಲ. ಸರ್ವಿಸ್ ವರ್ಕರೇ ಕಾರಣವೆಂದು ಪತ್ತೆಹಚ್ಚಿ, ಜಾಣನಂತೆ ಅದರ ಫೈಲನ್ನು ಸರ್ವರಿನಿಂದ ಅಳಿಸಿ, ಶುಕ್ರವಾರ ಸಂಜೆ ನೆಮ್ಮದಿಯಿಂದ ಡೊಂಬಿವಲಿ ಲೋಕಲ್ ಹತ್ತಿದೆ. ಸೋಮವಾರ ಅದೇ ದೂರು. ಮುಂದಿನ ಸೋಮವಾರವೂ ಅದೇ. ಆಮೇಲೆ ತಿಳಿಯಿತು: ಬ್ರೌಸರು ಆಗಾಗ ಬಂದು ವರ್ಕರಿನ ಹೊಸ ಆವೃತ್ತಿ ಇದೆಯೇ ಎಂದು ಆ ಫೈಲನ್ನು ಕೇಳುತ್ತಿತ್ತು. ಫೈಲಿಲ್ಲವಲ್ಲ, ನಮ್ಮ ವಾಚ್‌ಮನ್ ಇಂಡೆಕ್ಸ್ ಪುಟವನ್ನು ಎತ್ತಿ ಕೊಡುತ್ತಿದ್ದ. ಜಾವಾಸ್ಕ್ರಿಪ್ಟ್ ಕೇಳಿದರೆ ಎಚ್‌ಟಿಎಂಎಲ್ ಬಂತೆಂದು ಬ್ರೌಸರು ಅದನ್ನು ತಿರಸ್ಕರಿಸಿ ಹಳೆಯ ವರ್ಕರನ್ನೇ ಉಳಿಸಿಕೊಳ್ಳುತ್ತಿತ್ತು. ಸರಿಯಾಗಿ 404 ಕೊಟ್ಟಿದ್ದರೂ ಅದು ಹೋಗುತ್ತಿರಲಿಲ್ಲ. ಹಳೆಯ ವರ್ಕರನ್ನು ಕಳಿಸಬೇಕೆಂದರೆ ಅದೇ ವಿಳಾಸದಲ್ಲಿ, ಅದೇ ಹೆಸರಿನಲ್ಲಿ, ‘ಬಂದ ಕೂಡಲೇ ನೋಂದಣಿ ರದ್ದು ಮಾಡಿಕೊಂಡು ಹೋಗು’ ಎಂದಷ್ಟೇ ಹೇಳುವ ಹತ್ತು ಸಾಲಿನ ಹೊಸ ವರ್ಕರನ್ನು ಇಡಬೇಕು. ನಿಮ್ಮ ಪ್ಲಗಿನ್‌ನಲ್ಲಿ ಸೆಲ್ಫ್ ಡಿಸ್ಟ್ರಾಯಿಂಗ್ ಎಂಬ ಆಯ್ಕೆ ಇದೇ ಕೆಲಸಕ್ಕಿದೆ.

ನೀವು ಆ್ಯಪನ್ನು /ಸದಸ್ಯ/ ಹಾದಿಗೆ ಸಾಗಿಸುವಾಗ ಇದನ್ನು ಮರೆಯಬಾರದು. ಹೊಸ ವರ್ಕರ್ /ಸದಸ್ಯ/ ಒಳಗೆ ನೆಲೆಗೊಳ್ಳುತ್ತದೆ, ಅದರ ಅಧಿಕಾರ ಆ ಹಾದಿಯಾಚೆ ನಡೆಯುವುದಿಲ್ಲ, ಒಳ್ಳೆಯದು. ಆದರೆ ತಾಣದ ಬೇರಿನಲ್ಲಿ ನೋಂದಾಯಿಸಿಕೊಂಡ ಹಳೆಯ ವರ್ಕರ್ ಪ್ರತಿ ಸದಸ್ಯರ ಮೊಬೈಲಿನಲ್ಲೂ ಇನ್ನೂ ಇದೆ. ಮೇಲೆ ಹೇಳಿದ ಹತ್ತು ಸಾಲಿನ ಫೈಲು ಹಳೆಯ ವಿಳಾಸದಲ್ಲಿ ಒಂದು ವರ್ಷವಾದರೂ ಇರಲಿ. ರಾಜ್ಯೋತ್ಸವಕ್ಕೆ ಮಾತ್ರ ತಾಣ ತೆರೆಯುವ ಸದಸ್ಯರು ನಿಮ್ಮಲ್ಲೂ ಇರುತ್ತಾರೆ. ಸಾಗಿಸುವುದೇ ಬೇಡ ಎಂದು ನಿರ್ಧರಿಸಿದರೆ, ಪ್ಲಗಿನ್‌ನ ವರ್ಕ್‌ಬಾಕ್ಸ್ ಭಾಗದಲ್ಲಿ ನ್ಯಾವಿಗೇಟ್ ಫಾಲ್‌ಬ್ಯಾಕ್ ಡಿನೈಲಿಸ್ಟ್ ಎಂಬಲ್ಲಿ ಸ್ಥಿರ ಪುಟಗಳ ಹಾದಿಗಳನ್ನು ಪಟ್ಟಿ ಮಾಡಿ. ಹೊಸ ಸ್ಥಿರ ಪುಟ ಬಂದಾಗಲೆಲ್ಲ ಆ ಪಟ್ಟಿಯನ್ನು ತಿದ್ದುವವರು ಯಾರು ಎಂಬುದು ನನ್ನ ಅನುಮಾನ.

ಬಿಳಿ ಪರದೆಯ ದೂರಿನಲ್ಲೂ ಅದೇ ವಾಚ್‌ಮನ್‌ನ ಕೈವಾಡವಿದೆ. ವೀಟ್ ಆ್ಯಪನ್ನು ಕಟ್ಟುವಾಗ ಜಾವಾಸ್ಕ್ರಿಪ್ಟ್ ತುಂಡುಗಳ ಹೆಸರಿಗೆ ಒಳಗಿನ ವಸ್ತುವಿನಿಂದ ಲೆಕ್ಕಹಾಕಿದ ಅಕ್ಷರಗಳ ಬಾಲ ಸೇರಿಸುತ್ತದೆ. ಒಳಗಿನದು ಬದಲಾದರೆ ಹೆಸರೂ ಬದಲು. ಸದಸ್ಯರೊಬ್ಬರ ಬ್ರೌಸರಿನಲ್ಲಿ ನಿನ್ನೆಯ ಇಂಡೆಕ್ಸ್ ಪುಟ ಉಳಿದಿದೆ, ಅದು ನಿನ್ನೆಯ ತುಂಡನ್ನು ಕೇಳುತ್ತದೆ, ನೀವು ಏರಿಸುವಾಗ ಹಳೆಯ ಫೋಲ್ಡರನ್ನು ಅಳಿಸಿ ಹೊಸದಿಟ್ಟಿದ್ದೀರಿ. ತುಂಡು ಇಲ್ಲ, ವಾಚ್‌ಮನ್ ಇಂಡೆಕ್ಸ್ ಪುಟ ಕೊಟ್ಟ. ಜಾವಾಸ್ಕ್ರಿಪ್ಟ್ ಎಂದು ಓದಹೊರಟ ಬ್ರೌಸರಿಗೆ ಮೊದಲ ಅಕ್ಷರವೇ ಕೋನಾಕಾರದ ಆವರಣ ಚಿಹ್ನೆ. ಕನ್ಸೋಲಿನಲ್ಲಿ ಆ ಚಿಹ್ನೆಯ ಬಗ್ಗೆ ಅಥವಾ ಮೈಮ್ ಟೈಪ್ ಬಗ್ಗೆ ಕೆಂಪು ಸಾಲು ಕಂಡರೆ ಕಾರಣ ಬಹುತೇಕ ಇದೇ. ಸರ್ವರಿನ ಮುಂದೆ ಸಿಡಿಎನ್ (ಫೈಲುಗಳ ನಕಲು ಇಟ್ಟುಕೊಂಡು ಹಂಚುವ ಜಾಲ) ಇದ್ದು, ಅದು ಹಾದಿಯನ್ನು ನೋಡಿಯೇ ‘ಒಂದು ವರ್ಷ ಇಟ್ಟುಕೋ’ ಎಂಬ ಮುದ್ರೆ ಒತ್ತುವಂತಿದ್ದರೆ ಅನಾಹುತ ಇನ್ನೂ ದೊಡ್ಡದು: ಜಾವಾಸ್ಕ್ರಿಪ್ಟಿನ ಹೆಸರಿನಲ್ಲಿ ಎಚ್‌ಟಿಎಂಎಲ್ ವರ್ಷಗಟ್ಟಲೆ ಕುಳಿತಿರುತ್ತದೆ.

ಆದ್ದರಿಂದ ತುಂಡುಗಳಿರುವ ಅಸೆಟ್ಸ್ ಫೋಲ್ಡರಿಗೆ ಪ್ರತ್ಯೇಕ ನಿಯಮ ಬರೆಯಿರಿ, ಅಲ್ಲಿ ಇಲ್ಲದ್ದಕ್ಕೆ ಉತ್ತರ ಖಡಾಖಂಡಿತ 404. ಆ್ಯಪ್ ಮಾಹಿತಿ ಕೇಳುವ ಎಪಿಐ ಹಾದಿಗೂ ಹಾಗೆಯೇ. ಹೊಸದನ್ನು ಏರಿಸುವಾಗ ಹಳೆಯ ತುಂಡುಗಳನ್ನು ಎರಡು ವಾರ ಅಳಿಸದೆ ಪಕ್ಕದಲ್ಲೇ ಬಿಡಿ, ಹೆಸರು ಬೇರೆಯಾದ್ದರಿಂದ ಜಗಳವಿಲ್ಲ. ಬಾಲವಿರುವ ತುಂಡುಗಳಿಗೆ 31536000 ಸೆಕೆಂಡು, ಅಂದರೆ 365 ದಿನ, ಇಟ್ಟುಕೊಳ್ಳಬಹುದು ಎಂದು ಹೇಳಿ, ಇಮ್ಯೂಟಬಲ್ ಎಂದೂ ಸೇರಿಸಿ. ಇಂಡೆಕ್ಸ್ ಪುಟಕ್ಕೂ ಎಲ್ಲ ಸ್ಥಿರ ಎಚ್‌ಟಿಎಂಎಲ್ ಪುಟಗಳಿಗೂ ನೋ-ಕ್ಯಾಶ್. ಈ ಹೆಸರು ಕೇಳಿ ‘ಇಟ್ಟುಕೊಳ್ಳಲೇಬೇಡ’ ಎಂದು ತಿಳಿಯುವವರು ಬಹಳ. ಅದು ನೋ-ಸ್ಟೋರ್‌ನ ಅರ್ಥ. ನೋ-ಕ್ಯಾಶ್ ಹೇಳುವುದು ‘ಇಟ್ಟುಕೋ, ಆದರೆ ಬಳಸುವ ಮುನ್ನ ಒಮ್ಮೆ ನನ್ನನ್ನು ಕೇಳು’ ಎಂದು. ಬದಲಾಗದಿದ್ದರೆ ಸರ್ವರು 304 ಎಂದು ಚುಟುಕಾಗಿ ಹೇಳಿ ಕಳಿಸುತ್ತದೆ. ಈ ಹೆಡರುಗಳನ್ನು ಬರೆಯುವಾಗ ಎಂಜಿನ್‌ಎಕ್ಸ್‌ನ ಒಂದು ಕೆಟ್ಟ ಗುಣ ನೆನಪಿರಲಿ: ಒಳಗಿನ ನಿಯಮದಲ್ಲಿ ಒಂದೇ ಒಂದು ಆ್ಯಡ್ ಹೆಡರ್ ಬರೆದರೂ ಹೊರಗೆ ಬರೆದ ಹೆಡರುಗಳೆಲ್ಲ ಅಲ್ಲಿಗೆ ಬರುವುದು ನಿಲ್ಲುತ್ತದೆ. ಭದ್ರತೆಗೆಂದು ಹಾಕಿದ್ದನ್ನು ಅಲ್ಲಿ ಮತ್ತೆ ಬರೆಯಬೇಕು.

ಇನ್ನು ವಾಟ್ಸ್ಆ್ಯಪ್. ಕೊಂಡಿಯ ಜೊತೆ ಚಿತ್ರ, ಶೀರ್ಷಿಕೆ ತೋರಿಸಲು ಅದು ಪುಟವನ್ನು ತಂದು, ಅವುಗಳನ್ನು ತಿಳಿಸುವ ಓಪನ್ ಗ್ರಾಫ್ ಎಂಬ ಗುರುತುಗಳನ್ನು ಓದುತ್ತದೆ, ಜಾವಾಸ್ಕ್ರಿಪ್ಟನ್ನು ಓಡಿಸುವುದಿಲ್ಲ. ನಿಮ್ಮ ಆ್ಯಪಿನ ಯಾವ ವಿಳಾಸ ಕೇಳಿದರೂ ಅದಕ್ಕೆ ಸಿಗುವುದು ಒಂದೇ ಇಂಡೆಕ್ಸ್ ಪುಟ, ಹಾಗಾಗಿ ಒಂದೇ ಶೀರ್ಷಿಕೆ. ಪ್ರತಿ ಕಾರ್ಯಕ್ರಮಕ್ಕೂ ಒಂದು ಸ್ಥಿರ ಪುಟ ಮಾಡಿ. ಮಳೆಗಾಲದ ಯಕ್ಷಗಾನಕ್ಕೆ ಒಂದು, ರಾಜ್ಯೋತ್ಸವಕ್ಕೆ ಒಂದು. ಅದರಲ್ಲಿ ದಿನಾಂಕ, ಸ್ಥಳ, ಒಂದು ಚಿತ್ರ, ಚಿತ್ರಕ್ಕೆ ಎಚ್‌ಟಿಟಿಪಿಎಸ್‌ನಿಂದ ಶುರುವಾಗುವ ಪೂರ್ಣ ವಿಳಾಸ. ಕೆಳಗೆ ‘ಪಾಸು ಪಡೆಯಿರಿ’ ಎಂಬ ಗುಂಡಿ, ಅದು ಮಾತ್ರ /ಸದಸ್ಯ/ ಒಳಗೆ ಕರೆದೊಯ್ಯಲಿ. ಲಾಗಿನ್ ಇಲ್ಲದೆ ಓದಬಹುದಾದದ್ದೆಲ್ಲ ಸ್ಥಿರ ಪುಟ, ಲಾಗಿನ್ ಬೇಕಾದದ್ದು ಆ್ಯಪ್: ನನ್ನ ಮಟ್ಟಿಗೆ ಗಡಿ ಇಷ್ಟು ಸರಳ. ಮುಖಪುಟವೂ ಆ ಲೆಕ್ಕದಲ್ಲಿ ಸ್ಥಿರವೇ. ಒಪ್ಪದವರು ಮತ್ಸ್ಯಗಂಧಾ ರೈಲಿನಲ್ಲಿ ಮಂಗಳೂರಿಗೆ ಹೊರಟು ರತ್ನಾಗಿರಿಯ ಹತ್ತಿರ ಕರ್ಬುಡೆ ಸುರಂಗದ ಆಚೀಚೆ ತಮ್ಮ ತಾಣ ತೆರೆದು ನೋಡಲಿ. ಆರೂವರೆ ಕಿಲೋಮೀಟರಿನ ಆ ಸುರಂಗ ಮುಗಿದು ಮುಂದಿನ ಸುರಂಗ ಬರುವಷ್ಟರಲ್ಲಿ ಸಿಗುವ ಸಿಗ್ನಲ್ಲಿಗೆ ಹತ್ತು ಕೆಬಿ ಪುಟ ಇಳಿಯುತ್ತದೆ. ಅರ್ಧ ಎಂಬಿ ಜಾವಾಸ್ಕ್ರಿಪ್ಟ್ ಅರ್ಧಕ್ಕೇ ನಿಂತು ಅದೇ ಬಿಳಿ ಪರದೆ ಉಳಿಯುತ್ತದೆ.

ನೀವು ಕೇಳದ ಒಂದು ಮಾತನ್ನೂ ಹೇಳಬೇಕು. ಹಾದಿ ಬೇರೆ ಮಾಡಿದ ಮಾತ್ರಕ್ಕೆ ಗೋಡೆ ಎದ್ದಂತಲ್ಲ. ಬ್ರೌಸರಿನ ಕಣ್ಣಿಗೆ ಒಂದೇ ಹೆಸರಿನ ತಾಣದ ಎಲ್ಲ ಪುಟಗಳೂ ಒಂದೇ ಮೂಲದವು. ನಿಮ್ಮ ಆ್ಯಪ್ ಲಾಗಿನ್ ಟೋಕನನ್ನು ಬ್ರೌಸರಿನ ಲೋಕಲ್ ಸ್ಟೋರೇಜಿನಲ್ಲಿ ಇಟ್ಟಿದ್ದರೆ, ಹಳೆಯ ಸಂಚಿಕೆಯ ಪುಟದಲ್ಲಿ ಯಾರೋ ಎಂದೋ ಅಂಟಿಸಿದ ಸಂದರ್ಶಕರ ಎಣಿಕೆಯ ಸ್ಕ್ರಿಪ್ಟ್ ಕೂಡ ಅದನ್ನು ಓದಬಲ್ಲದು. ಅಂಥ ಹೊರಗಿನ ಸ್ಕ್ರಿಪ್ಟುಗಳನ್ನು ಕಿತ್ತುಹಾಕಿ. ಕೀಳಲಾಗದಷ್ಟು ಪುಟಗಳಿದ್ದರೆ ಹಳೆಯದನ್ನೆಲ್ಲ ಬೇರೆ ಉಪಡೊಮೇನಿಗೆ ಸಾಗಿಸಿ, ಆಗ ಮೂಲ ಬೇರೆಯಾಗುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಅದಕ್ಕೂ ಉಚಿತವಾಗಿ ಪ್ರಮಾಣಪತ್ರ ಸಿಗುತ್ತದೆ.

ಹಳೆಯ ಸಂಚಿಕೆ ಎಂದಿರಿ, ಒಮ್ಮೆ ತೆರೆದು ನೋಡಿ. ನುಡಿ, ಬರಹ ತಂತ್ರಾಂಶಗಳ ಕಾಲದಲ್ಲಿ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪಿಸಿದ ಪುಟಗಳಾದರೆ ಇಂದಿನ ಮೊಬೈಲಿನಲ್ಲಿ ಅವು ಅರ್ಥವಾಗದ ರೋಮನ್ ಅಕ್ಷರಗಳ ರಾಶಿ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ತಿದ್ದಿ, ಪುಟದ ತಲೆಯಲ್ಲೇ ಯುಟಿಎಫ್-8 ಎಂದು ಘೋಷಿಸಿ. ಮೊದಲ 1024 ಬೈಟುಗಳೊಳಗೆ ಆ ಘೋಷಣೆ ಬರಬೇಕು. ಇದು ಸರ್ವರಿನ ಕೆಲಸಕ್ಕಿಂತ ಹೆಚ್ಚು ಸಮಯ ತಿನ್ನುತ್ತದೆ, ಬಳಗದಲ್ಲಿ ಕನ್ನಡ ಮೇಷ್ಟ್ರು ಯಾರಾದರೂ ಇದ್ದರೆ ಅವರ ಕಾಲು ಹಿಡಿಯಿರಿ.

ಬೇರೆಡೆ ಹೋಗಬೇಕೇ ಎಂಬ ಕೊನೆಯ ಪ್ರಶ್ನೆಗೆ: ಎಲ್ಲಿ ಹೋದರೂ ಈ ವಾಚ್‌ಮನ್ ಇದ್ದಾನೆ, ಸಮವಸ್ತ್ರ ಮಾತ್ರ ಬೇರೆ. ಅಪಾಚೆಯಲ್ಲಿ ಅವನ ಹೆಸರು ಫಾಲ್‌ಬ್ಯಾಕ್ ರಿಸೋರ್ಸ್. ನೆಟ್ಲಿಫೈ ಮತ್ತು ಫೈರ್‌ಬೇಸ್ ಹೋಸ್ಟಿಂಗ್‌ನಲ್ಲಿ ನಿಜವಾದ ಫೈಲಿದ್ದರೆ ಅದೇ ಮೊದಲು, ಆಮೇಲೆ ರಿರೈಟ್, ಹಾಗಾಗಿ ತಲೆನೋವು ಕಡಿಮೆ. ಎಕ್ಸ್‌ಪ್ರೆಸ್ ಬಳಸುವವರು ಸ್ಥಿರ ಫೈಲುಗಳ ಸಾಲನ್ನು ‘ಉಳಿದದ್ದೆಲ್ಲ’ ಎಂಬ ಸಾಲಿಗಿಂತ ಮೇಲೆ ಬರೆದರೆ ಮುಗಿಯಿತು. ಅಮೆಜಾನ್‌ನ ಎಸ್3 ಮತ್ತು ಕ್ಲೌಡ್‌ಫ್ರಂಟ್ ಜೋಡಿಯಲ್ಲಿ ಮಾತ್ರ ಹುಷಾರು. ಅಲ್ಲಿ 403 (‘ಅನುಮತಿಯಿಲ್ಲ’), 404 ಬಂದಾಗ ಇಂಡೆಕ್ಸ್ ಪುಟ ಕೊಡು ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಆ ನಿಯಮ ಇಡೀ ವಿತರಣೆಗೆ ಅನ್ವಯಿಸುವುದರಿಂದ ಅದೇ ವಿತರಣೆಯ ಹಿಂದಿರುವ ಎಪಿಐ ಕೊಟ್ಟ ನಿಜವಾದ 403 ಕೂಡ ಇಂಡೆಕ್ಸ್ ಪುಟವಾಗಿ ಬದಲಾಗುತ್ತದೆ. ನಿಮ್ಮ ಬಾಡಿಗೆ ಸರ್ವರಿನಲ್ಲೇ ಇರಿ.

ಮೊದಲು ಹತ್ತು ಸಾಲಿನ ವರ್ಕರ್ ಫೈಲು, ಆಮೇಲೆ ಅಸೆಟ್ಸ್‌ಗೆ 404, ಆಮೇಲೆ ಆ್ಯಪನ್ನು ಸಾಗಿಸುವುದು, ಈ ಕ್ರಮದಲ್ಲಿ ಹೋಗಿ. ಸಾಗಿಸಿದ ಮೇಲೆ ಕರ್ಲ್‌ನಿಂದ ನಾಲ್ಕು ವಿಳಾಸ ಕೇಳಿ: ಪರಿಚಯದ ಪುಟ, ಗೆರೆಯಿಲ್ಲದ /ಸಂಚಿಕೆ, /ಸದಸ್ಯ/ ಒಳಗಿನ ಯಾವುದಾದರೂ ಪುಟ, ಬಾಯಿಗೆ ಬಂದಂತೆ ಬರೆದ ಒಂದು ಸುಳ್ಳು ವಿಳಾಸ. ಉತ್ತರಗಳು ಇದೇ ಕ್ರಮದಲ್ಲಿ 200, 301, 200, 404 ಆಗಿರಬೇಕು. ಬೇರೆ ಏನಾದರೂ ಬಂದರೆ ಆ ನಾಲ್ಕು ಸಾಲುಗಳ ಜೊತೆ ಕಾನ್ಫಿಗ್ ಫೈಲನ್ನೂ ಕಳಿಸಿ. ಪಾಸ್‌ವರ್ಡುಗಳನ್ನು ಅಳಿಸಿ ಕಳಿಸಿ.